ಫೈಲ್ ಹುಡುಕುವಾಗ ಕಂಪ್ಯೂಟರ್ ನಿಂತುಹೋದರೆ

ಬದಿಯಡ್ಕದಲ್ಲಿ ನಮ್ಮ ನೆರೆಯ ಮಾಷ್ಟ್ರು ಯಕ್ಷಗಾನ ಪ್ರಸಂಗಗಳನ್ನು ಟೈಪ್ ಮಾಡಿ ಇಟ್ಟಿದ್ದಾರೆ. ‘ಕಣಿಪುರ’ ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ನೋಡಲು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಫೈಲುಗಳ ಒಳಗೆ ಪದ ಹುಡುಕುವ ‘ಗ್ರೆಪ್’ (grep) ಎಂಬ ಆದೇಶವನ್ನು ಟರ್ಮಿನಲ್‌ನಲ್ಲಿ ಓಡಿಸಿದರು. ಸ್ವಲ್ಪ ಹೊತ್ತಿಗೆ ಫ್ಯಾನ್ ಜೋರಾಗಿ ಕೂಗತೊಡಗಿತು. ಮೌಸಿನ ಬಾಣ ಇದ್ದಲ್ಲೇ ನಿಂತಿತು. ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸೇ ಇರುವುದರಿಂದ ಈ ತೊಂದರೆ ಬೇರೆಯವರಿಗೂ ಬರಬಹುದು.

ಗಾಬರಿಯಿಂದ ಪವರ್ ಬಟನ್ ಒತ್ತಿ ಹಿಡಿಯಬೇಡಿ, ತೆರೆದಿಟ್ಟ ಫೈಲ್ ಹಾಳಾದೀತು. ಮೊದಲು ಕಂಟ್ರೋಲ್ ಮತ್ತು ಸಿ ಒತ್ತಿ. ಜಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ ‘ಸುಡೊ ಪಿಕಿಲ್ ಗ್ರೆಪ್’ (sudo pkill grep) ಕೊಡಿ. ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು, ಪಿಕಿಲ್ ಎಂದರೆ ಓಡುತ್ತಿರುವುದನ್ನು ನಿಲ್ಲಿಸುವುದು. ಮೆಮೊರಿ ತುಂಬಿದ್ದರೆ ಪರದೆ ಬರಲು ಒಂದೆರಡು ನಿಮಿಷ ಬೇಕು, ಕಾಯಿರಿ.

ಆಮೇಲೆ ಕಾರಣ ನೋಡಿ. ಸಿಸ್ಟಮ್ಮಿನ ಸಂದೇಶಗಳನ್ನು ತೋರಿಸುವ ‘ಸುಡೊ ಡಿಮೆಸೇಜ್’ (sudo dmesg) ಕೊಟ್ಟು ಕೊನೆಯ ಸಾಲುಗಳನ್ನು ಓದಿ. ‘ಔಟ್ ಆಫ್ ಮೆಮೊರಿ’ ಎಂದಿದ್ದರೆ ಮೆಮೊರಿ ಸಾಕಾಗಲಿಲ್ಲ ಎಂದರ್ಥ. ‘ಐಓ ಎರರ್’ ಎಂದು ಮತ್ತೆ ಮತ್ತೆ ಬಂದಿದ್ದರೆ ಡಿಸ್ಕ್ ಕೆಡುತ್ತಿರಬಹುದು. ಆಗ ಹುಡುಕಾಟ ಬಿಡಿ, ಅವತ್ತೇ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.

ಮಾಷ್ಟ್ರಲ್ಲಿ ಆದದ್ದು ಮೆಮೊರಿಯ ತೊಂದರೆ. ಅವರು ಸುಡೊ ಹಾಕಿ, ಇಡೀ ಸಿಸ್ಟಮ್ಮಿನ ಬುಡದಿಂದ (/) ಹುಡುಕಿದ್ದರು. ಅಲ್ಲಿ ‘ಪ್ರಾಕ್’ (proc), ‘ಸಿಸ್’ (sys) ಎಂಬ ಫೋಲ್ಡರುಗಳಿವೆ. ಅವುಗಳಲ್ಲಿರುವುದು ಡಿಸ್ಕಿನ ಫೈಲುಗಳೇ ಅಲ್ಲ, ಲಿನಕ್ಸಿನ ತಿರುಳಾದ ಕರ್ನಲ್ ಆ ಕ್ಷಣಕ್ಕೆ ತೋರಿಸುವ ಮಾಹಿತಿ. ಪ್ರಾಕ್ ಒಳಗಿನ ‘ಕೆಕೋರ್’ (kcore) ಎಂಬ ಫೈಲಿನ ಗಾತ್ರ 64 ಬಿಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ 128 ಟೆರಾಬೈಟ್ ಎಂದು ಕಾಣುತ್ತದೆ! ಗ್ರೆಪ್ ಓದುವುದು ಸಾಲು ಸಾಲಾಗಿ. ಸಾಲು ಮುಗಿಯುವವರೆಗೆ ಅದನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳಬೇಕು. ಸಾಲೇ ಮುಗಿಯದಿದ್ದರೆ ಮೆಮೊರಿ ತುಂಬದೆ ಇರುತ್ತದೆಯೇ? ಒಳಗಿನ ಫೋಲ್ಡರುಗಳಲ್ಲೂ ಹುಡುಕಲು ಗ್ರೆಪ್‌ಗೆ ದೊಡ್ಡ ಆರ್ (-R) ಹಾಕಿದರೆ ತೊಂದರೆ ಇನ್ನೂ ಜಾಸ್ತಿ, ಅದು ಲಿಂಕುಗಳ ಹಿಂದೆಯೂ ಹೋಗುತ್ತದೆ. ಪ್ರಾಕ್‌ನಲ್ಲಿ ಇಡೀ ಡಿಸ್ಕಿಗೆ ವಾಪಸ್ ಕರೆದೊಯ್ಯುವ ಲಿಂಕುಗಳೂ ಇವೆ.

ಹಾಗಾಗಿ ಬೇಕಾದ ಫೋಲ್ಡರಿಗೇ ಹೋಗಿ, ಸುಡೊ ಇಲ್ಲದೆ, ಸಣ್ಣ ಆರ್ (-r) ಹಾಕಿ ಹುಡುಕಿ. ‘ಇನ್‌ಕ್ಲೂಡ್’ (--include) ಆಯ್ಕೆಯಲ್ಲಿ ಟೆಕ್ಸ್ಟ್ ಫೈಲುಗಳನ್ನು ಮಾತ್ರ ಹೇಳಿದರೆ ಫೋಟೊ, ವಿಡಿಯೊಗಳನ್ನು ಅದು ಮುಟ್ಟುವುದಿಲ್ಲ. ಬುಡದಿಂದಲೇ ಹುಡುಕಬೇಕಾಗಿ ಬಂದರೆ ‘ಎಕ್ಸ್‌ಕ್ಲೂಡ್ ಡಿರ್’ (--exclude-dir) ಆಯ್ಕೆಯಲ್ಲಿ ಪ್ರಾಕ್, ಸಿಸ್, ಡೆವ್ (dev) ಮೂರೂ ಫೋಲ್ಡರುಗಳನ್ನು ಬಿಡಿಸಿ.

ಹೀಗೆ ಮಾಡಿದಾಗ ಮಾಷ್ಟ್ರಿಗೆ ಎರಡು ಸೆಕೆಂಡಿನಲ್ಲಿ ಉತ್ತರ ಬಂತು. ಆದರೆ ಕೆಲವು ಹಳೆಯ ಪ್ರಸಂಗಗಳು ಪಟ್ಟಿಯಲ್ಲಿ ಇರಲಿಲ್ಲ. ಅವು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದವು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬೇರೆಯೇ ಅಕ್ಷರ. ಅವನ್ನು ಯೂನಿಕೋಡಿಗೆ ಬದಲಾಯಿಸಿದ ಮೇಲೆ ಮತ್ತೊಮ್ಮೆ ಹುಡುಕಬೇಕು.