ಬ್ರೇಕ್ ಪ್ಯಾಡಿಗೆ ಮಲ್ಟಿಮೀಟರ್: ನನ್ನ ಅನುಭವ

ಬ್ರೇಕ್ ಪ್ಯಾಡಿನ ಮೇಲೆ ಮಲ್ಟಿಮೀಟರ್ (ಕರೆಂಟ್ ಹರಿಯುತ್ತದೋ ಇಲ್ಲವೋ ನೋಡುವ ಮೀಟರ್) ಇಟ್ಟಾಗ ಬೀಪ್ ಅಂದರೆ ಅದು ಸಿಂಟರ್ಡ್, ಅಂದರೆ ಲೋಹದ ಪುಡಿಯದು; ಅನ್ನದಿದ್ದರೆ ಆರ್ಗ್ಯಾನಿಕ್, ಅಂದರೆ ರಾಳದಲ್ಲಿ ಕಟ್ಟಿದ್ದು. ಇಷ್ಟು ಹೇಳಿದ್ದಕ್ಕೆ ಕಲಬುರಗಿಯ ನಮ್ಮ ಗ್ಯಾರೇಜ್ ಸಾಲಿನಲ್ಲಿ ಬಹಳ ದಿನ ನಗೆಪಾಟಲಾಗಿದ್ದೆ. "ವೈರಿಂಗ್ ನೋಡೋ ಮೀಟರ್ ಬ್ರೇಕಿಗಿ ಹಚ್ಚತೀಯೇನು? ನಾಳಿ ಟೈರಿಗೂ ಹಚ್ಚು" ಅಂದ ಉಸ್ತಾದರೇ ಈಗ ಹುಡುಗರ ಕೈಯಲ್ಲಿ ಪ್ಯಾಡ್ ಕೊಟ್ಟು ಕಳಿಸುತ್ತಾರೆ. "ಕಾಕಾ, ಇದು ಯಾವ ಮಾಲ್ ಅದಾ ಒಮ್ಮಿ ನೋಡ್ರಿ" ಅಂತ.

ಕಂಪನಿ ಪ್ಯಾಕೆಟ್ ಹರಿದು ಹಾಕುವವರಿಗೆ ಈ ತಲೆನೋವಿಲ್ಲ. ನಮಗೆ ಬರುವುದು ಹೆಚ್ಚಾಗಿ ಖುಲ್ಲಾ ಮಾಲು. ಆರ್ಗ್ಯಾನಿಕ್, ಸೆಮಿ ಮೆಟಾಲಿಕ್ (ಉಕ್ಕಿನ ನಾರು ಕಲಸಿದ್ದು), ಸಿಂಟರ್ಡ್, ಮೂರೂ ಕಣ್ಣಿಗೆ ಒಂದೇ ಕಪ್ಪು. ರೇಟಿನಲ್ಲಿ ಮಾತ್ರ ಭಾರೀ ಫರಕು. ನೆನಪಿದ್ದಷ್ಟು ಹೇಳುವುದಾದರೆ ಖುಲ್ಲಾ ಆರ್ಗ್ಯಾನಿಕ್ ಜೋಡಿ 120-150ಕ್ಕೆ ಸಿಗುತ್ತಿತ್ತು, ಸಿಂಟರ್ಡ್ ಅಂದರೆ 900ರಿಂದ ಮೇಲೆ. ಈ ನಡುವಿನ ದುಡ್ಡಿನಲ್ಲೇ ಮೋಸ.

ಹೋಲ್‌ಸೇಲಿನವರೊಬ್ಬರು ಸಿಂಟರ್ಡ್ ಎಂದು ಒಂದು ಡಬ್ಬಿ ಮಾಲು ಕೊಟ್ಟರು. ಹತ್ತಿರ ಹತ್ತಿರ ಎಂಟು ಸಾವಿರದ್ದು. ಅದನ್ನು ವಾಡಿ, ಶಹಾಬಾದ್ ಕಡೆಯ ಗಿರಾಕಿಗಳ ಗಾಡಿಗೆ ಹಾಕಿದೆ. ಅಲ್ಲಿ ಸಿಮೆಂಟ್ ಧೂಳು, ಕಲ್ಲಿನ ಪುಡಿ ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗೇ ಮನೆ ಮಾಡಿರುತ್ತವೆ. ಎರಡು ತಿಂಗಳು ಕಳೆಯುವುದರೊಳಗೆ ಮಸಾಲೆ (ಡಿಸ್ಕಿಗೆ ಉಜ್ಜುವ ಪ್ಯಾಡಿನ ಪದರ) ಸವೆದು ಹಿಂದಿನ ತಗಡು ಡಿಸ್ಕಿಗೆ ತಾಗಿತು. ಒಂದೆರಡು ಡಿಸ್ಕ್ ನನ್ನ ಕೈಯಿಂದಲೇ ಹಾಕಿಕೊಡಬೇಕಾಯಿತು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಇಷ್ಟಿರಬೇಕು ಎಂದು ಕೊರೆದಿರುತ್ತದಲ್ಲ, ಅದಕ್ಕಿಂತ ತೆಳ್ಳಗಾದ ಮೇಲೆ ಲೇತ್ ಮೇಲೆ ಹಚ್ಚಿಯೂ ಪ್ರಯೋಜನವಿಲ್ಲ. ಡಬ್ಬಿ ವಾಪಸು ಒಯ್ದರೆ, "ನಿಮ್ಮ ರೋಡೇ ಹಂಗ ಅದಾವ್ರಿ" ಎಂಬ ಉತ್ತರ.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ಅಯಸ್ಕಾಂತದ ದಾರಿ. ಕೆಲಸಕ್ಕೆ ಬರಲಿಲ್ಲ. ಹಿಂದಿನ ತಗಡು ಉಕ್ಕಿನದು. ಅರ್ಧ ಸವೆದ ಪ್ಯಾಡ್ ಆದರೆ ಮಸಾಲೆ ಯಾವುದಿದ್ದರೂ ಅಯಸ್ಕಾಂತ ತಗಡನ್ನೇ ಎಳೆಯುತ್ತದೆ. ಮೇಲಾಗಿ ತಾಮ್ರ ಹೆಚ್ಚಿರುವ ಒಳ್ಳೆ ಸಿಂಟರ್ಡ್‌ಗೆ ಅದು ಸರಿಯಾಗಿ ಹಿಡಿಯುವುದೇ ಇಲ್ಲ, ಅಗ್ಗದ ಸೆಮಿ ಮೆಟಾಲಿಕ್‌ಗೆ ಗಟ್ಟಿಯಾಗಿ ಅಂಟುತ್ತದೆ. ಅಂದರೆ ಲೆಕ್ಕ ಪೂರಾ ಉಲ್ಟಾ.

ಆಮೇಲೆ ಅಕ್ಷರ ನೋಡತೊಡಗಿದೆ. ತಗಡಿನ ಮೇಲೆ ಎಫ್‌ಎಫ್, ಜಿಜಿ, ಎಚ್‌ಎಚ್ ಅಂತ ಜೋಡಿ ಅಕ್ಷರ ಇರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ಎಫ್ ಅಂದರೆ ಘರ್ಷಣೆಯ ಅಂಕ 0.35ರಿಂದ 0.45, ಜಿ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ಅದು ಹಿಡಿತದ ಗುರುತು, ಮಸಾಲೆಯ ಗುರುತಲ್ಲ. ಎಚ್‌ಎಚ್ ಹೆಚ್ಚಾಗಿ ಸಿಂಟರ್ಡ್‌ನಲ್ಲೇ ಕಾಣುತ್ತದೆ ನಿಜ, ಆದರೆ ಖುಲ್ಲಾ ಮಾಲಿನವರಿಗೆ ಎಚ್ ಬರೆಯಲು ಖರ್ಚೇನು?

ಮೀಟರಿನ ವಿಚಾರ ಹೊಳೆದದ್ದು ಸ್ಟಾರ್ಟರ್ ಮೋಟರಿನ ಕಾರ್ಬನ್ ಬ್ರಷ್ ಪರೀಕ್ಷೆ ಮಾಡುವಾಗ. ಸಿಂಟರ್ಡ್ ಅಂದರೆ ಲೋಹದ ಪುಡಿಯನ್ನು ಒತ್ತಿ ಬೇಯಿಸಿದ್ದು, ಕರೆಂಟ್ ಹರಿಯಲೇಬೇಕು. ಆರ್ಗ್ಯಾನಿಕ್ ರಾಳದಲ್ಲಿ ಕಟ್ಟಿದ್ದು, ಅಲ್ಲಿ ಹರಿಯಬಾರದು. ಪ್ಯಾಡಿನ ಮುಖವನ್ನು ಅರದಿಂದ ಚೆನ್ನಾಗಿ ಉಜ್ಜಿ, ಮೀಟರಿನ ಎರಡೂ ಪ್ರೋಬ್ (ವೈರಿನ ತುದಿಯ ಕಡ್ಡಿ) ಮಸಾಲೆಯ ಮೇಲೇ ಇಟ್ಟು ಒತ್ತಿ ಹಿಡಿಯಬೇಕು. ತಗಡಿಗೆ ತಾಗಿಸಬಾರದು. ಉಜ್ಜದೇ ನೋಡಿದರೆ ಹಳೇ ಪ್ಯಾಡ್ ಸುಳ್ಳು ಹೇಳುತ್ತದೆ, ಡಿಸ್ಕಿನ ಲೋಹ ಮುಖಕ್ಕೆ ಮೆತ್ತಿಕೊಂಡಿರುತ್ತದೆ. ಒಂದೇ ಜಾಗ ನೋಡಿ ಬಿಡುವಂತೆಯೂ ಇಲ್ಲ. ಹಿತ್ತಾಳೆ ಚೂರು ಕಲಸಿದ ಆರ್ಗ್ಯಾನಿಕ್ ಒಂದು ಕಡೆ ಬೀಪ್ ಅನ್ನುತ್ತದೆ, ಬೆರಳಗಲ ಸರಿಸಿದರೆ ಸುಮ್ಮನಾಗುತ್ತದೆ. ಸಿಂಟರ್ಡ್‌ನಲ್ಲಿ ಮಾತ್ರ ಎಲ್ಲಿ ಇಟ್ಟರೂ ಮೀಟರಿನ ಅಂಕಿ (ಕರೆಂಟಿಗೆ ಇರುವ ತಡೆ) ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.

ತಕರಾರು ಸೆಮಿ ಮೆಟಾಲಿಕ್‌ದು. ಮೀಟರಿನ ಅಂಕಿ ಕುಣಿಯುತ್ತಲೇ ಇರುತ್ತದೆ. ಅದಕ್ಕೆ ಬಿಟ್ಟ ಅಯಸ್ಕಾಂತವನ್ನೇ ಮತ್ತೆ ತಂದೆ, ಆದರೆ ಪ್ಯಾಡಿಗಲ್ಲ, ಪುಡಿಗೆ. ಉಜ್ಜಿದ ಪುಡಿಯನ್ನು ಬಿಳಿ ಹಾಳೆಯ ಮೇಲೆ ಉದುರಿಸಿ, ಹಾಳೆಯ ಕೆಳಗೆ ಅಯಸ್ಕಾಂತ ಆಡಿಸಿ. ಸೆಮಿ ಮೆಟಾಲಿಕ್ ಆದರೆ ಉಕ್ಕಿನ ನಾರು ಮೈಮೇಲಿನ ರೋಮದ ಹಾಗೆ ನೆಟ್ಟಗೆ ಎದ್ದು ಅಯಸ್ಕಾಂತದ ಹಿಂದೆಯೇ ಸಾಗುತ್ತದೆ. ಆರ್ಗ್ಯಾನಿಕ್ ಪುಡಿ ಬಿದ್ದಲ್ಲೇ ಬಿದ್ದಿರುತ್ತದೆ. ತಾಮ್ರದ ಸಿಂಟರ್ಡ್ ಆದರೆ ಬಿಸಿಲಿಗೆ ಹಿಡಿದಾಗ ಕೆಂಪಗೆ ಮಿಣುಕುತ್ತದೆ, ಅಲ್ಲೊಂದು ಇಲ್ಲೊಂದು ಕಣ ಮಾತ್ರ ಅಲುಗುತ್ತದೆ. ಈ ಹಾಳೆ ನೋಡಿದ ಮೇಲೆಯೇ ಸಾಲಿನವರು ಬಾಯಿ ಮುಚ್ಚಿದ್ದು. ಪ್ಯಾಡ್ ಬಿಚ್ಚದೆ, ಕ್ಯಾಲಿಪರ್‌ನಲ್ಲಿದ್ದಾಗಲೇ ಅಂಚಿನಿಂದ ನೋಡುವ ಒಂದು ಉಪಾಯವೂ ಕೈಗೆ ಬಂದಿದೆ. ಅದಕ್ಕೆ ಪ್ರೋಬ್ ತುದಿಗೆ ಏನು ಕಟ್ಟಿಕೊಂಡಿದ್ದೇನೆ ಎಂಬುದನ್ನು ಹೇಳುವುದಿಲ್ಲ, ನನ್ನದೂ ಹೊಟ್ಟೆಪಾಡು.

ನಡುವೆ ಬೇರೆ ಆಟವೂ ಆಡಿದೆ. ಗ್ಯಾಸ್ ಉರಿಗೆ ಹಿಡಿದು ರಾಳದ ವಾಸನೆ ನೋಡಿದೆ, ತಗಡಿನ ಬಣ್ಣವೂ ಸುಟ್ಟು ಎಲ್ಲಾ ಒಂದೇ ನಾತ. ಶಹಾಬಾದ್ ಹಾಸುಗಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದೆ, ಹಿಂದೆ ಶಿಮ್ (ಸದ್ದು ತಡೆಯುವ ತೆಳು ಪದರ) ಅಂಟಿಸಿದ್ದರೆ ಯಾವುದೂ ಠಣ್ಣಂತ ಅನ್ನುವುದಿಲ್ಲ. ತೂಕ ಪರವಾಗಿಲ್ಲ. ಒಂದೇ ಅಳತೆಯ ಎರಡು ಹೊಸ ಪ್ಯಾಡ್ ತಕ್ಕಡಿಗೆ ಹಾಕಿದರೆ ಸಿಂಟರ್ಡ್ ಭಾರ ಬರುತ್ತದೆ, ಆದರೆ ಪಕ್ಕಾ ಗೊತ್ತಿರುವ ಒಂದು ಪ್ಯಾಡ್ ನಿಮ್ಮ ಹತ್ತಿರ ಇರಬೇಕು. ತಗಡಿನ ಬಣ್ಣ ಕೆರೆದಾಗ ಕೆಳಗೆ ತಾಮ್ರದ ಲೇಪ ಕಂಡರೂ ಸಿಂಟರ್ಡ್ ಎಂಬ ಅನುಮಾನ ಪಡಬಹುದು.

ಗುರುತು ಸಿಕ್ಕಿತೆಂದು ಎಲ್ಲರಿಗೂ ಸಿಂಟರ್ಡ್ ಹಾಕಲು ಹೋಗಬೇಡಿ. ಊರೊಳಗೇ ಗಂಜ್ ಬಜಾರಿಗೂ ಸೂಪರ್ ಮಾರ್ಕೆಟ್‌ಗೂ ಓಡಾಡುವ 150 ಸಿಸಿ ಗಾಡಿಗೆ ಒಳ್ಳೆಯ ಆರ್ಗ್ಯಾನಿಕ್ ಸಾಕು. ನಮ್ಮದು ಬಯಲು ನಾಡು, ಘಾಟ್ ಇಳಿಯುವ ಕೆಲಸವಿಲ್ಲ, ಡಿಸ್ಕ್ ಉಳಿದರೆ ಅದೇ ಲಾಭ. ಜೇವರ್ಗಿ ರೋಡಿನಲ್ಲಿ ಮೂರು ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವನಿಗೆ, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಲ್ಲಿ ಓಡಿಸುವವನಿಗೆ ಸಿಂಟರ್ಡ್ ಹಾಕಿಸಿ. ಆದರೆ ಹಳೇ ಬೀಡು ಕಬ್ಬಿಣದ ಡಿಸ್ಕ್ ಇದ್ದರೆ ಬೇಡ, ತಿಂದುಹಾಕುತ್ತದೆ. ಬ್ರೇಕ್ ಆಯಿಲ್ ಕೂಡ ನೋಡಿಕೊಳ್ಳಿ, ಸಿಂಟರ್ಡ್ ಬಿಸಿಯನ್ನು ಬೇಗ ಪಿಸ್ಟನ್‌ಗೆ ದಾಟಿಸುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ 230 ಡಿಗ್ರಿ ತಾಳಬೇಕು, ನೀರು ಹೀರಿದ ಮೇಲೆ 155ಕ್ಕೇ ಕುದಿಯಬಹುದು.

ಪುಡಿ ಉಜ್ಜುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಗಾಳಿ ಪೈಪ್ ಹೊಡೆಯಬೇಡಿ. ಹಳೇ ಮಾಲಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರೂ ಇರಬಹುದು. ನಾನು ಅರವನ್ನೇ ಒದ್ದೆ ಮಾಡಿ ಉಜ್ಜುತ್ತೇನೆ, ಪುಡಿ ಒಣಗಿದ ಮೇಲೆ ಹಾಳೆ ಪರೀಕ್ಷೆ. ಸಾಲಿನವರಿಗೆ ಪರೀಕ್ಷೆ ಬಿಟ್ಟಿ. ಹೊರಗಿನವರಿಗೆ ಪ್ಯಾಡಿಗೆ 20 ರೂಪಾಯಿ.