ಹಳೆಯ ಮೈಸೂರು ಸಂಸ್ಥಾನದ ಫೋಟೊಗಳ ಕಾಲ ಗುರುತಿಸುವುದು ಹೇಗೆ?

ಹಿಂಬದಿಯಲ್ಲಿ ಬರೆದ ಇಸವಿಯನ್ನು ಕೂಡಲೇ ನಂಬಬೇಡಿ. ಎಷ್ಟೋ ಸಲ ಮುಂದಿನ ತಲೆಮಾರು ಊಹಿಸಿ ಬರೆದಿರುತ್ತದೆ. ಮೊದಲು ಚಿತ್ರ ಅಂಟಿಸಿದ ರಟ್ಟು ಅಳೆಯಿರಿ: ಸುಮಾರು 6.3×10 ಸೆಂ.ಮೀ. ಇದ್ದರೆ ಕಾರ್ಟ್ ದ ವಿಸಿತ್ (ಭೇಟಿಚೀಟಿ ಅಳತೆಯ ಫೋಟೊ), 10.8×16.5 ಇದ್ದರೆ ಕ್ಯಾಬಿನೆಟ್ ಕಾರ್ಡ್ (ಅದರ ನಂತರ ಬಳಕೆಗೆ ಬಂದ ದೊಡ್ಡ ಅಳತೆ). ತೆಳು ಕಾಗದ, ಹಳದಿಗಟ್ಟಿದ ಬಿಳುಪು ಆಲ್ಬುಮೆನ್ (ಮೊಟ್ಟೆಯ ಬಿಳಿ ಲೇಪಿಸಿದ ಕಾಗದದ) ಪ್ರಿಂಟಿನ ಲಕ್ಷಣ. ಕಪ್ಪು ಭಾಗಗಳು ಓರೆ ಬೆಳಕಿಗೆ ಬೆಳ್ಳಿಯಂತೆ ಹೊಳೆದರೆ ಬಹುಮಟ್ಟಿಗೆ ಜೆಲಟಿನ್ ಲೇಪದ ಪ್ರಿಂಟು, ಅಂದರೆ ನಂತರದ್ದು. ಆದರೆ ಹಳೆ ನೆಗೆಟಿವ್‌ನಿಂದ ಆಮೇಲೆ ಪ್ರತಿ ತೆಗೆದಿರಬಹುದು. ಕಾಗದದ ಕಾಲವೇ ದೃಶ್ಯದ ಕಾಲವಲ್ಲ.

ಹಾಗಾಗಿ ಹಿನ್ನೆಲೆ ನೋಡಿ. ಮರದ ಅರಮನೆ ಕಂಡರೆ ದೃಶ್ಯ 1897ರ ಬೆಂಕಿಗಿಂತ ಹಿಂದಿನದು. ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಬಾಲಕ ದೊರೆಯ ಭಾವಚಿತ್ರದಲ್ಲೇ ಹೆಚ್ಚು ಎಡವಟ್ಟು: ಚಾಮರಾಜೇಂದ್ರ ಒಡೆಯರ್ 1868ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ 1895ರಲ್ಲಿ, ಇಬ್ಬರೂ ಎಳೆಯರಾಗಿದ್ದಾಗಲೇ ಪಟ್ಟವೇರಿದರು. ಇಬ್ಬರಲ್ಲಿ ಯಾರೆಂದು ತಿಳಿಯಲು ಇಲ್ಲಿ ರಟ್ಟಿನ ಸಾಕ್ಷ್ಯವೇ ಗಟ್ಟಿ. ಹೆಸರು ಹುಡುಕಲೆಂದು ಚಿತ್ರವನ್ನು ರಟ್ಟಿನಿಂದ ಕೀಳಬೇಡಿ. ಆಲ್ಬುಮೆನ್ ಕಾಗದ ಸುರುಳಿಗಟ್ಟಿ ಬಿರಿಯುತ್ತದೆ.