ಎಕ್ಸೆಲ್‌ಗೆ ಇಳಿಸುವ ಆ ಒಂದು ಬಟನ್

ಮ್ಯೂನಿಕ್‌ನ ನಮ್ಮ ಕಂಪನಿ ಸಪೋರ್ಟ್ ವಿಭಾಗಕ್ಕೆ ಹೊಸ ಟಿಕೆಟ್ ಸಾಫ್ಟ್‌ವೇರ್ (ಗ್ರಾಹಕರ ದೂರುಗಳನ್ನು ದಾಖಲಿಸಿ ನಿಭಾಯಿಸುವಂಥದ್ದು) ತರಲು ಹೊರಟಾಗ ನಾನು ಅಲ್ಲಿನ ಬೆಟ್ರೀಬ್ಸ್‌ರಾಟ್ ಸದಸ್ಯ. ಇದು ನೌಕರರೇ ಮತ ಹಾಕಿ ಆರಿಸುವ ಮಂಡಳಿ. ಚುನಾವಣೆಗೆ ನಿಲ್ಲಲು ಜರ್ಮನ್ ಪೌರತ್ವ ಬೇಕಿಲ್ಲ. 18 ತುಂಬಿ, ಆರು ತಿಂಗಳು ಅಲ್ಲಿ ಕೆಲಸ ಮಾಡಿದ್ದರೆ ಸಾಕು. "ಬ್ಲೂ ಕಾರ್ಡ್ ಇಟ್ಕೊಂಡು ಇದೆಲ್ಲ ಯಾಕೆ ಮಾರಾಯ?" ಅಂದವರು ಕನ್ನಡದ ಗೆಳೆಯರೇ. ಬ್ಲೂ ಕಾರ್ಡ್ ಅಂದರೆ ಹೊರದೇಶದ ನುರಿತ ಕೆಲಸಗಾರರಿಗೆ ಯುರೋಪಿನಲ್ಲಿ ಸಿಗುವ ಕೆಲಸದ ಪರವಾನಗಿ. ಮಂಡಳಿಯ ಸದಸ್ಯರನ್ನು ಸುಲಭವಾಗಿ ಕೆಲಸದಿಂದ ತೆಗೆಯಲು ಅಲ್ಲಿನ ಕಾನೂನು ಬಿಡುವುದಿಲ್ಲ ಎಂದರೂ ಅವರಿಗೆ ನಂಬಿಕೆ ಬರಲಿಲ್ಲ.

ಮೊದಲು ಹಳೆಯ ಸಾಫ್ಟ್‌ವೇರ್ ನಮ್ಮ ಬಗ್ಗೆ ಏನೇನು ಬರೆದಿಟ್ಟಿದೆ ಎಂದು ನೋಡಬೇಕಿತ್ತು. ಯುರೋಪಿನ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 15ನೇ ವಿಧಿಯಡಿ ನನ್ನ ಡೇಟಾದ ಪ್ರತಿ ಕೊಡಿ ಎಂದು ಅರ್ಜಿ ಹಾಕಿದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಲೇಬೇಕು. ಬಂದ ಪಿಡಿಎಫ್‌ನಲ್ಲಿ ಲಾಗಿನ್ ಸಮಯ, ಟಿಕೆಟ್ ತೆರೆದು ಸುಮ್ಮನಿದ್ದ ನಿಮಿಷ, ಎಲ್ಲ ಇತ್ತು. ಆದರೆ ಈ ಹಕ್ಕು ಈಗಾಗಲೇ ಸಂಗ್ರಹಿಸಿಟ್ಟದ್ದನ್ನು ತೋರಿಸುತ್ತದೆ, ಅಷ್ಟೇ. ಹೊಸದಾಗಿ ಬರುವುದನ್ನು ತಡೆಯುವ ಬಲ ಒಬ್ಬ ನೌಕರನ ಅರ್ಜಿಗಿಲ್ಲ. ಆ ಬಲ ಮಂಡಳಿಗಿದೆ. ನೌಕರರ ನಡವಳಿಕೆಯನ್ನೋ ಕೆಲಸದ ವೇಗವನ್ನೋ ಅಳೆಯಬಲ್ಲ ಯಾವ ತಾಂತ್ರಿಕ ವ್ಯವಸ್ಥೆಯೂ, ಕಾರ್ಮಿಕ ಮಂಡಳಿ ಕಾನೂನಿನ 87ನೇ ಕಲಮಿನ ಪ್ರಕಾರ, ಮಂಡಳಿಯ ಒಪ್ಪಿಗೆಯಿಲ್ಲದೆ ಬರುವಂತಿಲ್ಲ. "ನಮಗೆ ಅಂಥ ಉದ್ದೇಶವೇ ಇಲ್ಲ" ಎಂದು ಎಚ್‌ಆರ್‌ನವರು ಹೇಳಿದರು. ನಿಜವೇ ಇರಬಹುದು. ಆದರೆ ಅಲ್ಲಿನ ಕೋರ್ಟುಗಳು ನೋಡುವುದು ಉದ್ದೇಶವನ್ನಲ್ಲ, ಅಳೆಯಲು ಆಗುತ್ತದೆಯೇ ಎಂಬುದನ್ನು.

ಸಾಫ್ಟ್‌ವೇರ್ ಬಳಕೆಯ ಬಗ್ಗೆ ಕಂಪನಿ ಮತ್ತು ಮಂಡಳಿ ಮಾಡಿಕೊಳ್ಳಬೇಕಿದ್ದ ಕರಡು ಒಪ್ಪಂದದ ಸವಿಮಾತುಗಳನ್ನು ಪಕ್ಕಕ್ಕಿಟ್ಟು ನಾವು ಪರೀಕ್ಷೆಗೆಂದು ಒಂದು ಮ್ಯಾನೇಜರ್ ಖಾತೆ ಕೇಳಿದೆವು. ಒಂದೊಂದೇ ಮೆನು ತೆರೆದು ಪಟ್ಟಿ ಮಾಡಿದೆವು: ಈ ಕಾಲಂ ಏನು, ಯಾರಿಗೆ ಕಾಣುತ್ತದೆ, ಯಾಕೆ ಬೇಕು, ಯಾವಾಗ ಅಳಿಯುತ್ತದೆ. ಬೇಸರದ ಕೆಲಸ. ಆದರೆ 'ಯಾಕೆ ಬೇಕು' ಎಂಬ ಕಾಲಂ ಎದುರು ಕಂಪನಿಯವರೇ ಎಷ್ಟೋ ಕಡೆ ತಡವರಿಸಿದರು. 'ಐಡಲ್ ಟೈಮ್', ಅಂದರೆ ಸುಮ್ಮನಿದ್ದ ನಿಮಿಷಗಳ ಲೆಕ್ಕ, ಹಾಗೆಯೇ ಬಿದ್ದುಹೋಯಿತು.

ನಿಜವಾದ ಗುದ್ದಾಟ ನಡೆದದ್ದು ಎಕ್ಸ್‌ಪೋರ್ಟ್ ಬಟನ್ ಬಗ್ಗೆ. ಸಾಫ್ಟ್‌ವೇರ್ ಒಳಗೆ ಯಾರಿಗೆ ಏನು ಕಾಣಬೇಕೆಂದು ಎಷ್ಟೇ ಬಿಗಿ ಮಾಡಿ, ಒಮ್ಮೆ ಎಕ್ಸೆಲ್‌ಗೆ ಇಳಿದ ಮೇಲೆ ಅದು ಹಂಚಿದ ಫೋಲ್ಡರ್‌ನಲ್ಲಿ ಯಾರ ಕಣ್ಣಿಗಾದರೂ ಬೀಳಬಹುದು. ಅಳಿಸುವ ಗಡುವು ಅದಕ್ಕೆ ತಾಗುವುದೇ ಇಲ್ಲ. ಮಾತುಕತೆಯಲ್ಲಿ ನಾನು ಬಟ್ಟೆ ಮಾರುವ ಕಂಪನಿ ಎಚ್ ಆಂಡ್ ಎಂನ ಪ್ರಕರಣ ಎತ್ತಿದೆ. ನ್ಯೂರೆಂಬರ್ಗ್‌ನ ಅವರ ಸೇವಾ ಕೇಂದ್ರದಲ್ಲಿ ನೌಕರರ ಕಾಯಿಲೆ, ಮನೆಯ ಜಗಳದವರೆಗೂ ಟಿಪ್ಪಣಿ ಬರೆದಿಟ್ಟಿದ್ದರು. 2019ರ ಅಕ್ಟೋಬರ್‌ನಲ್ಲಿ ಸೆಟ್ಟಿಂಗ್ ತಪ್ಪಾಗಿ ಕೆಲವು ಗಂಟೆ ಅದು ಇಡೀ ಕಂಪನಿಗೆ ಕಂಡಿತು. ಮರುವರ್ಷ ಹ್ಯಾಂಬರ್ಗ್‌ನ ಡೇಟಾ ರಕ್ಷಣಾ ಆಯುಕ್ತರು 3.53 ಕೋಟಿ ಯೂರೋ ದಂಡ ಹಾಕಿದರು. ಲೀಗಲ್‌ನವರು ಆ ಮೊತ್ತವನ್ನು ಬರೆದುಕೊಂಡರು. ಒಪ್ಪಂದವಾಗದೆ ಸಂಧಾನ ಸಮಿತಿಗೆ ಹೋದರೆ ಅದರ ಖರ್ಚೂ ಕಂಪನಿಯದೇ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಕೊನೆಗೆ ವ್ಯಕ್ತಿವಾರು ಎಕ್ಸ್‌ಪೋರ್ಟ್ ಬಂದ್. ಏಳು ಜನರಿಗಿಂತ ಚಿಕ್ಕ ಗುಂಪಿನ ಅಂಕಿಅಂಶ ತೋರಿಸುವಂತಿಲ್ಲ. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ (ಲಾಗ್) ನೋಡಬೇಕಾದರೆ ಮಂಡಳಿಯ ಒಬ್ಬರು ಪಕ್ಕದಲ್ಲಿರಬೇಕು. ಒಪ್ಪಂದ ಮೀರಿ ತೆಗೆದ ಡೇಟಾ ಇಟ್ಟುಕೊಂಡು ಯಾರಿಗೂ ಎಚ್ಚರಿಕೆ ಪತ್ರ ಕೊಡುವಂತಿಲ್ಲ.

ಬೆಂಗಳೂರಿನ ನಮ್ಮ ಟೀಮ್‌ಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದೇ ಸಾಫ್ಟ್‌ವೇರ್, ಅದೇ ಟಿಕೆಟ್‌ಗಳು, ಆದರೆ ಅಲ್ಲಿ ಐಡಲ್ ಟೈಮ್ ಚಾಲೂ. ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕಾದರೆ ನೌಕರರ ಒಪ್ಪಿಗೆ ಕೇಳದೆಯೂ ಡೇಟಾ ಬಳಸಲು ಬಿಡುತ್ತದೆ. ಅಲ್ಲಿನ ಟೀಮ್ ಲೀಡ್ ಒಬ್ಬರು ನಮ್ಮ ಪಟ್ಟಿಯ ಖಾಲಿ ನಮೂನೆ ಕೇಳಿದರು, ಕಳಿಸಿದ್ದೇನೆ. ಮೊದಲು ಎಕ್ಸ್‌ಪೋರ್ಟ್ ಯಾರ್ಯಾರ ಕೈಯಲ್ಲಿದೆ ಅಂತ ವಿಚಾರಿಸಿ ಮೇಡಂ, ಉಳಿದದ್ದು ಆಮೇಲೆ ನೋಡೋಣ ಅಂದಿದ್ದೇನೆ.